ಒಂದು ಬೆನ್ನು ಮಾಡಲು ಏಳು ತಿಂಗಳು

ಮೊನ್ನೆ ನಾನು ಮಾಡಿದ ಮಣ್ಣಿನ ಮೂರ್ತಿ ಸುಡುವ ಗೂಡಿನಿಂದ ಹೊರಗೆ ಬಂತು. ಮೂರನೇ ಸಲ ಮಾಡಿದ್ದು ಇದು, ಈ ಸಲ ಒಡೆದಿರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಟಣ್ ಎಂದಿತು. ಒಳಗೆಲ್ಲಾದರೂ ದೊಡ್ಡ ಬಿರುಕಿದ್ದರೆ ಡಬ್ ಡಬ್ ಎನ್ನುತ್ತದೆ. ಈ ಟಣ್ ಕೇಳೋಕೆ ನನಗೆ ಏಳು ತಿಂಗಳು ಹಿಡಿಯಿತು. ಮರೆಯುವ ಮುಂಚೆ ಎಲ್ಲ ಬರೆದುಬಿಡೋಣ ಅಂತ ಕೂತಿದ್ದೇನೆ, ಯಾಕೆಂದರೆ ಮಣ್ಣು ಕಲಸೋದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕರು, ಮನಸ್ಸಿನಲ್ಲಿರುವುದನ್ನು ಮಣ್ಣಿಗೆ ತರೋಕೆ ಹೋದರೆ ಎಲ್ಲೆಲ್ಲಿ ಎಡವುತ್ತೀಯ ಅಂತ ಹೇಳುವವರು ಸಿಗಲಿಲ್ಲ.

ನಾನು ಶಿಲ್ಪಿ ಅಲ್ಲ. ದಿನವೆಲ್ಲ ಲೆಕ್ಕ ಬರೆಯುವ ಕೆಲಸ. ಅಮ್ಮ ಹೋಗಿ ಒಂದೂಕಾಲು ವರ್ಷವಾಗಿತ್ತು. ಕೊನೆಯ ಐದು ತಿಂಗಳು ಅವಳನ್ನು ನೋಡಿಕೊಂಡವಳು ನಾನೇ. ಅದರ ಬಗ್ಗೆ ಬರೆಯೋಣ ಅಂತ ಎಷ್ಟೋ ಸಲ ಕೂತೆ, ಎರಡು ಸಾಲಿಗೇ ನಿಂತುಹೋಗುತ್ತಿತ್ತು. ಫೋಟೋ ನೋಡಿದರೆ ಅದರಲ್ಲಿರುವುದು ಕ್ಯಾಮೆರಾಗೆ ನಗುವ ಅಮ್ಮ, ನಾನು ನೋಡಿಕೊಂಡ ಅಮ್ಮ ಅಲ್ಲ. ಆಗ ಗೆಳತಿಯೊಬ್ಬಳು ತಾನು ಹೋಗುವ ಮಣ್ಣಿನ ಕೆಲಸದ ಕೋಣೆಗೆ ಸುಮ್ನೆ ಬಾ ಅಂತ ಕರೆದಳು. ಹೋದೆ. ಮೊದಲ ದಿನ ಒಂದು ಮುಷ್ಟಿ ಮಣ್ಣು ಹಿಸುಕುತ್ತಾ ಎರಡು ಗಂಟೆ ಕೂತಿದ್ದೆ, ಏನೂ ಮಾಡಲಿಲ್ಲ. ಮನೆಗೆ ಹೋದ ಮೇಲೆ ತುಂಬ ದಿನದ ನಂತರ ಚೆನ್ನಾಗಿ ನಿದ್ದೆ ಬಂತು.

ಎರಡನೇ ವಾರ ಹೇಳಿಕೊಡುವಾಕೆಗೆ ಹೇಳಿದೆ, ಅಮ್ಮನನ್ನು ಮಾಡಬೇಕು ಅಂತ. ಅವರು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಯಾವ ಮಣ್ಣು ತಗೋಬೇಕು ಅಂತಷ್ಟೇ ಹೇಳಿದರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಟ್ಟಲು ಲೋಟ ಮಾಡುವ ನಯವಾದ ಮಣ್ಣು ಮೂರ್ತಿಗೆ ಆಗಿಬರುವುದಿಲ್ಲ. ಗ್ರಾಗ್ ಬೆರೆತ ಮಣ್ಣು ಬೇಕು. ಗ್ರಾಗ್ ಅಂದರೆ ಒಮ್ಮೆ ಸುಟ್ಟ ಮಣ್ಣನ್ನೇ ಪುಡಿ ಮಾಡಿ ಹಸಿ ಮಣ್ಣಿಗೆ ಬೆರೆಸಿರುವುದು. ಕೈಗೆ ಮರಳು ಮರಳಾಗಿ ತಾಗುತ್ತದೆ, ಅಂಗೈ ಉರಿಯುತ್ತದೆ. ಆದರೆ ಎತ್ತರಕ್ಕೆ ನಿಲ್ಲುತ್ತದೆ, ಕುಗ್ಗುವುದು ಕಡಿಮೆ, ಒಳಗಿನ ನೀರು ಹೊರಗೆ ಬರೋಕೆ ದಾರಿ ಇರುತ್ತದೆ. ನಾನು ತಂದದ್ದು 20 ಕಿಲೋ. ಏಳು ತಿಂಗಳಿಗೂ ಅದೇ ಸಾಕಾಯಿತು. ಹೇಗೆ ಅಂತ ಮುಂದೆ ಬರುತ್ತದೆ.

ಎಲ್ಲರೂ ಮಾಡುವ ಹಾಗೆ ನಾನೂ ಮುಖದಿಂದ ಶುರು ಮಾಡಿದೆ. ಎದುರಿಗೆ ನಾಲ್ಕು ಫೋಟೋ ಅಂಟಿಸಿಕೊಂಡೆ. ಮೂರು ವಾರ ಬರೀ ಮುಖ. ಮೂಗು ಸರಿ ಹೋದರೆ ಬಾಯಿ ಬೇರೆ ಯಾರದೋ ಆಗುತ್ತಿತ್ತು. ಬಾಯಿ ಸರಿ ಮಾಡಿದರೆ ಕಣ್ಣು ಸತ್ತುಹೋಗುತ್ತಿತ್ತು. ದುಃಖ ಕಾಣಲಿ ಅಂತ ಹುಬ್ಬಿನ ನಡುವೆ ಗೆರೆ ಎಳೆದೆ, ತುಟಿಯ ತುದಿ ಕೆಳಗೆ ಇಳಿಸಿದೆ. ಅಷ್ಟಕ್ಕೂ ಸಮಾಧಾನವಾಗದೆ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಕಾಲ ಬಳಿ ಒಂದು ಉದುರಿದ ಎಲೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ಎಲೆಯ ನರಗಳನ್ನು ಸೂಜಿಯಲ್ಲಿ ಕೊರೆಯುತ್ತಾ ಒಂದು ಇಡೀ ಸಂಜೆ ಕಳೆದಿದ್ದೆ.

ಹೇಳಿಕೊಡುವಾಕೆ ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ಒದ್ದೆ ಬಟ್ಟೆ ತಗೊಂಡು ಮೂರ್ತಿಯ ತಲೆಯ ಮೇಲೆ ಹಾಕಿದರು. 'ಈಗ ನೋಡು,' ಅಂದರು. ಕುತ್ತಿಗೆಯ ಕೆಳಗೆ ಉಳಿದದ್ದು ಒಂದು ಮೂಟೆ. ಯಾರು ಬೇಕಾದರೂ ಆಗಬಹುದಾದ, ಎಲ್ಲಿ ಬೇಕಾದರೂ ಇಡಬಹುದಾದ ಮೂಟೆ. 'ಮುಖ ಅಳ್ತಾ ಇದೆ, ಮೈ ಸುಮ್ನೆ ಕೂತಿದೆ ಅಲ್ವಾ?' ಅಂದರು.

ನನಗೆ ಸಿಟ್ಟು ಬಂತು. ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಮೂರ್ತಿಯೇ ಕುಸಿದು ಕೂತಿತ್ತು. ಕುತ್ತಿಗೆ ಎದೆಯೊಳಗೆ ಇಳಿದಿತ್ತು, ಕುರ್ಚಿ ಒಂದು ಕಡೆಗೆ ವಾಲಿತ್ತು. ಹಸಿ ಮಣ್ಣಿನ ಮೇಲೆ ಹಸಿ ಮಣ್ಣು ಪೇರಿಸುತ್ತಾ ಹೋದರೆ ಆಗುವುದೇ ಹೀಗೆ. ಕೆಳಗಿನ ಭಾಗ ಸ್ವಲ್ಪ ಬಿಗಿಯಾಗುವವರೆಗೆ ಕಾದು ಆಮೇಲೆ ಮೇಲಿನದ್ದು ಇಡಬೇಕು. ಒಳಗೆ ತಂತಿ ಇಟ್ಟಿದ್ದರೆ ನಿಲ್ಲುತ್ತಿತ್ತಲ್ಲ ಅಂತ ಕೇಳಿದೆ. ಸುಡುವ ಮೂರ್ತಿಗೆ ತಂತಿ ಕೂಡದಂತೆ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಅದನ್ನು ಅಪ್ಪಿಕೊಂಡ ಮಣ್ಣು ಸೀಳುತ್ತದೆ. ಹೊರಗಿನಿಂದ ಕೋಲು, ಇಟ್ಟಿಗೆ, ಸ್ಪಂಜು ಆಸರೆ ಕೊಡಬಹುದು. ಒಳಗೆ ಬೇಕೇ ಬೇಕಾದರೆ ಹಳೆ ಪೇಪರು ಮುದ್ದೆ ಮಾಡಿ ತುಂಬಬಹುದು, ಗೂಡಿನಲ್ಲಿ ಅದು ಉರಿದುಹೋಗುತ್ತದೆ.

ಕುಸಿದದ್ದನ್ನು ಬಿಸಾಡಬೇಡಿ. ತುಂಡು ತುಂಡು ಮಾಡಿ, ಪೂರ್ತಿ ಒಣಗಿಸಿ, ಬಕೆಟ್ ನೀರಿಗೆ ಹಾಕಿ. ಪೂರ್ತಿ ಅಂದರೆ ಪೂರ್ತಿ. ಅರ್ಧ ಒಣಗಿದ ಮಣ್ಣು ನೀರಿನಲ್ಲಿ ಗಟ್ಟಿಯಾಗಿ ಹಾಗೇ ಕೂತಿರುತ್ತದೆ. ಕಟಕಟ ಒಣಗಿದ್ದು ಮಾತ್ರ ಗುಳ್ಳೆ ಬಿಡುತ್ತಾ ತಾನಾಗಿ ಕರಗಿ ಕೆಸರಾಗುತ್ತದೆ. ಮುಖವೂ ಕುರ್ಚಿಯೂ ಎಲೆಯೂ ಬಕೆಟ್ ಸೇರಿದವು. ಅಮ್ಮನ ಮೂಗು ನೀರಿನಲ್ಲಿ ಕರಗುವುದನ್ನು ನೋಡುವುದು ಅಷ್ಟು ಸುಲಭವಲ್ಲ. ನಾನು ಬಕೆಟ್ಟಿಗೆ ತಟ್ಟೆ ಮುಚ್ಚಿ ಬಂದೆ.

ಮುಂದಿನ ಮೂರು ವಾರ ಮಣ್ಣು ಮುಟ್ಟಲಿಲ್ಲ. ಫೋಟೋಗಳನ್ನು ಕಿತ್ತಿಟ್ಟು ಕಣ್ಣು ಮುಚ್ಚಿಕೊಂಡು ಕೂತರೆ ಏನು ಕಾಣುತ್ತದೆ ಅಂತ ನೋಡಿದೆ. ಮುಖ ಕಾಣಲೇ ಇಲ್ಲ. ಕಂಡದ್ದು ಬೆನ್ನು. ಯೋಚಿಸಿದರೆ ಅದು ಸಹಜವೇ. ಆ ಐದು ತಿಂಗಳು ನಾನು ದಿನಕ್ಕೆ ಎರಡು ಸಲ ಅವಳ ಹಿಂದೆ ಕೂತು ತಲೆ ಬಾಚುತ್ತಿದ್ದೆ, ಬೆನ್ನು ಒರೆಸುತ್ತಿದ್ದೆ, ಮುಲಾಮು ಹಚ್ಚುತ್ತಿದ್ದೆ. ಕತ್ತು ಬಗ್ಗಿಸಿ ಕೂತರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಗುಬುಟಾಗಿ ಎದ್ದು ಕಾಣುತ್ತದಲ್ಲ, ನಿಮ್ಮ ಕತ್ತು ಬಗ್ಗಿಸಿ ಮುಟ್ಟಿ ನೋಡಿ, ಸಿಗುತ್ತದೆ. ಕತ್ತಿನ ಏಳನೇ ಮೂಳೆ ಅದು. ಅಮ್ಮನಿಗೆ ಅದು ಕೊನೆಕೊನೆಗೆ ತುಂಬ ಎದ್ದು ಕಾಣುತ್ತಿತ್ತು. ಬಲಗೈ ಊರಿಕೊಂಡು ಕೂರುತ್ತಿದ್ದದ್ದರಿಂದ ಬಲಭುಜ ಮೇಲಕ್ಕೆ, ಎಡದ್ದು ಜೋತುಬಿದ್ದ ಹಾಗೆ. ಇಷ್ಟು ದಿನ ನಾನು ಹುಡುಕುತ್ತಿದ್ದ ಅಮ್ಮ ಅಲ್ಲಿದ್ದಳು.

ಮುಖವಿಲ್ಲದೆ ಭಾವನೆ ಬರುತ್ತದಾ ಅಂತ ನನಗೆ ಅನುಮಾನ. ಹೇಳಿಕೊಡುವಾಕೆ ಎರಡು ಚಿತ್ರ ತೋರಿಸಿದರು. ಒಂದು ಫ್ರಾನ್ಸಿನ ಶಿಲ್ಪಿ ರೋಡ್ಯಾ 1908ರಲ್ಲಿ ಮಾಡಿದ್ದು, ಎರಡು ಕೈ ಮಾತ್ರ, ಮುಟ್ಟಿಯೂ ಮುಟ್ಟದ ಹಾಗೆ ಮೇಲಕ್ಕೆ ಎದ್ದು ನಿಂತಿವೆ. ಗಮನಿಸಿ ನೋಡಿದರೆ ಎರಡೂ ಬಲಗೈ! ಅಂದರೆ ಇಬ್ಬರು ಮನುಷ್ಯರು. ಅದು ಗೊತ್ತಾದ ಮೇಲೆ ಆ ಕೈಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಾ ಕೂರುತ್ತೀರಿ. ಇನ್ನೊಂದು 1925ರಲ್ಲಿ ಈಗಿನ ಚೆಕ್ ದೇಶದ ದೋಲ್ನಿ ವೆಸ್ಟೊನಿಟ್ಸೆ ಎಂಬಲ್ಲಿ ಅಗೆದಾಗ ಸಿಕ್ಕ ಬೊಂಬೆ. ಎತ್ತರ ಸುಮಾರು 11 ಸೆಂಟಿಮೀಟರ್. ಸುಟ್ಟ ಮಣ್ಣಿನದು, 25 ಸಾವಿರ ವರ್ಷಕ್ಕೂ ಹಳೆಯದು, ಮಡಕೆ ಮಾಡೋಕೂ ಮುಂಚಿನದು. ಅದಕ್ಕೂ ಮುಖ ಅಂತಿಲ್ಲ, ಕಣ್ಣಿನ ಜಾಗದಲ್ಲಿ ಎರಡು ಓರೆ ಗೀರು ಅಷ್ಟೇ. ಆದರೆ ಬೆನ್ನಿಗೆ ಮಡಿಕೆ ಬಿದ್ದಿದೆ. ಯಾರೋ ಆ ಬೆನ್ನನ್ನು ಹತ್ತಿರದಿಂದ ನೋಡಿದ್ದರು.

ಈ ಮೂರು ವಾರ ದಂಡವಾಯಿತು ಅಂತ ಆಗ ಅನ್ನಿಸಿತ್ತು. ಈಗ ಕೇಳಿದರೆ, ನೀವು ಮಣ್ಣು ತರುವ ಮುಂಚೆಯೇ ಇದನ್ನು ಮಾಡಿ ಅನ್ನುತ್ತೇನೆ. ದುಃಖ, ಪ್ರೀತಿ ಅಂತೆಲ್ಲ ದೊಡ್ಡ ಹೆಸರು ಬಿಡಿ. ನೀವು ಮಾಡಹೊರಟ ಮನುಷ್ಯ ಭಾರವನ್ನು ಎಲ್ಲಿ ಇಟ್ಟು ಕೂರುತ್ತಾನೆ, ಅದನ್ನು ಕಂಡುಕೊಳ್ಳಿ. ನಾನು ಅಮ್ಮನ ಹಾಗೆ ಬಲಗೈ ಊರಿ ಕೂತು, ತಂಗಿ ಕೈಲಿ ಫೋನಿನಲ್ಲಿ ಎಂಟು ದಿಕ್ಕಿನಿಂದ ನನ್ನ ಬೆನ್ನಿನ ಫೋಟೋ ತೆಗೆಸಿದೆ. ಹತ್ತು ನಿಮಿಷ ಹಾಗೆ ಕೂತರೆ ಮಣಿಕಟ್ಟು ನೋಯುತ್ತದೆ. ಅವಳು ಗಂಟೆಗಟ್ಟಲೆ ಕೂರುತ್ತಿದ್ದಳು. ಅದು ಆವತ್ತೇ ನನಗೆ ಹೊಳೆದದ್ದು.

ಎರಡನೇ ಮೂರ್ತಿ ಸರಾಗವಾಗಿ ಎದ್ದಿತು. ಸೊಂಟದಿಂದ ಮೇಲಕ್ಕೆ, 33 ಸೆಂಟಿಮೀಟರ್. ಮೂರು ವಾರದಲ್ಲಿ ಬೆನ್ನು ಬಂದುಬಿಟ್ಟಿತು. ಒಂದೇ ತಕರಾರು ಕತ್ತಿನದು. ಕೊನೆಯಲ್ಲಿ ತಲೆಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿದೆ, ಚೆನ್ನಾಗಿ ಕಂಡಿತು. ನಾಲ್ಕು ದಿನ ಬಿಟ್ಟು ನೋಡಿದರೆ ತಲೆ ಒಂದು ಬೆರಳಿನಷ್ಟು ವಾಪಸ್ ತಿರುಗಿದೆ. ಮಣ್ಣಿಗೆ ನೆನಪಿರುತ್ತದೆ ಅಂತ ಮಣ್ಣಿನ ಕೆಲಸದವರು ಹೇಳುತ್ತಾರೆ, ನಾನು ಮಾತಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ನಿಜವಾಗಿಯೂ ಬಗ್ಗಿಸಿದ ಮಣ್ಣು ಒಣಗುವಾಗ ಮೊದಲಿದ್ದ ಕಡೆಗೆ ಸ್ವಲ್ಪ ಎಳೆಯುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿಯೇ ತಿರುಗಿಸಿಡಬೇಕು, ಇಲ್ಲವೇ ಮೊದಲಿಂದಲೇ ತಿರುಗಿದ ಹಾಗೇ ಕಟ್ಟಬೇಕು.

ಇನ್ನೊಂದು ಕಷ್ಟವನ್ನು ಯಾರೂ ಮುಂಚೆ ಹೇಳಿರಲಿಲ್ಲ. ಮೂರ್ತಿಯ ಒಳಗನ್ನು ಪೊಳ್ಳು ಮಾಡಬೇಕು. ದಪ್ಪ ಮಣ್ಣು ಗೂಡಿನಲ್ಲಿ ಸಿಡಿಯುತ್ತದೆ, ಅದಕ್ಕೆ. ಮಣ್ಣು ಚರ್ಮದ ಹದಕ್ಕೆ ಬಂದಾಗ, ಅಂದರೆ ಮುಟ್ಟಿದರೆ ತಣ್ಣಗಿದ್ದು ಒತ್ತಿದರೆ ಬೆರಳು ಇಳಿಯದಷ್ಟು ಬಿಗಿಯಾದಾಗ, ತಂತಿಯಲ್ಲಿ ಕತ್ತರಿಸಿ, ಒಳಗನ್ನು ಚಮಚದಂಥ ಹತಾರದಿಂದ ಕೆರೆದು ತೆಗೆದು, ಮತ್ತೆ ಜೋಡಿಸಬೇಕು. ಮಾತಲ್ಲಿ ಹೇಳೋದು ಸುಲಭ. ಅಷ್ಟು ಹೊತ್ತಿಗೆ ಅದು ಮಣ್ಣಾಗಿ ಉಳಿದಿರುವುದಿಲ್ಲ. ಭುಜದ ಕೆಳಗೆ ಎರಡು ಕಡೆ ತಂತಿ ಹಿಡಿದು ನಿಂತೆ, ಎಳೆಯೋಕೆ ಕೈ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಎಳೆದೆ. ದಯವಿಟ್ಟು ಕಣ್ಣು ಮುಚ್ಚಬೇಡಿ, ಗೀಟು ಓರೆಯಾಗುತ್ತದೆ, ಆಮೇಲೆ ಜೋಡಿಸುವಾಗ ಅರ್ಧ ದಿನ ಹೋಗುತ್ತದೆ. ಕತ್ತರಿಸುವ ಮುಂಚೆ ಎರಡೂ ಕಡೆಗೆ ದಾಟುವಂತೆ ನಾಲ್ಕು ಗೀರು ಹಾಕಿಟ್ಟುಕೊಳ್ಳಿ. ಯಾವುದು ಯಾವುದಕ್ಕೆ ಕೂರುತ್ತದೆ ಅಂತ ಗೊತ್ತಾಗುತ್ತದೆ.

ಕೆರೆಯುವಾಗ ಮೇಲಿನ ಭಾಗ ಚೆನ್ನಾಗಿ ಮಾಡಿದೆ. ಸೊಂಟದ ಹತ್ತಿರ ಬರುವಾಗ ಕೈ ಸೋತಿತ್ತು, ಇಷ್ಟು ಸಾಕು ಅಂತ ಬಿಟ್ಟೆ. ಅಲ್ಲಿ ನಾಲ್ಕು ಸೆಂಟಿಮೀಟರ್ ದಪ್ಪ ಉಳಿದಿತ್ತು.

ಈಗ ಗೂಡಿನ ಕತೆ. ನಮ್ಮ ಕೋಣೆಯದ್ದು ಕರೆಂಟಿನ ಗೂಡು. ಒಬ್ಬರ ಒಂದು ಮೂರ್ತಿಗೆ ಅಂತ ಹಚ್ಚುವುದಿಲ್ಲ, ತುಂಬಿದಾಗ ಹಚ್ಚುತ್ತಾರೆ. ಸರದಿ ಇರುತ್ತದೆ. ಸರದಿಗೆ ಒಂದು ಚೀಟಿ ತುಂಬಬೇಕು: ಯಾವ ಮಣ್ಣು, ಅತಿ ದಪ್ಪದ ಜಾಗ ಎಷ್ಟು, ಒಳಗೆ ತಂತಿಯೋ ಪ್ಲಾಸ್ಟರೋ ಇದೆಯಾ, ಎಷ್ಟು ದಿನ ಒಣಗಿದೆ, ವಸ್ತುವಿನ ಹೆಸರು. ಹೆಸರಿನ ಜಾಗದಲ್ಲಿ ಬಟ್ಟಲು, ಹೂದಾನಿ ಅಂತ ಎಲ್ಲರೂ ಬರೆದಿದ್ದರು. ನಾನು 'ಬೆನ್ನು' ಅಂತ ಬರೆದೆ. ನನ್ನ ಸರದಿ ಇನ್ನೂ ಹದಿನೈದು ದಿನ ದೂರವಿತ್ತು. ಒಂದು ಸಂಜೆ ಫೋನ್ ಬಂತು. ಯಾರೋ ಹಿಂದೆ ಸರಿದಿದ್ದಾರೆ, ನಾಳೆ ಜಾಗ ಇದೆ, ಒಣಗಿದೆಯಾ ಅಂತ. ಅಮ್ಮ ಹೋಗಿ ಒಂದೂವರೆ ವರ್ಷ ಆಗುವ ದಿನದೊಳಗೆ ಮುಗಿಸಬೇಕು ಅಂತ ತಲೆಯಲ್ಲಿತ್ತು. ಒಣಗಿ ಒಂಬತ್ತು ದಿನ ಆಗಿತ್ತು. ಚೀಟಿಯಲ್ಲಿ 15 ಅಂತ ತುಂಬಿದೆ. ದಪ್ಪದ ಜಾಗಕ್ಕೆ 2 ಸೆಂಟಿಮೀಟರ್ ಅಂತ ಬರೆದೆ.

ಮೂರನೇ ದಿನ ಗೂಡು ತೆರೆದಾಗ ನಾನು ಅಲ್ಲೇ ಇದ್ದೆ. ಮೇಲಿನ ಹಲಗೆಯ ಮೇಲಿದ್ದದ್ದೆಲ್ಲ ಚೆನ್ನಾಗಿತ್ತು. ಕೆಳಗಿನ ಹಲಗೆಯ ಮೇಲೆ ಚೂರುಗಳು. ಸೊಂಟ ಪೂರ್ತಿ ಸಿಡಿದಿತ್ತು, ಬೆನ್ನು ಮೂರು ತುಂಡಾಗಿ ಮಲಗಿತ್ತು. ನನ್ನದು ಮಾತ್ರ ಹೋಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಪಕ್ಕದಲ್ಲಿದ್ದ ಇನ್ಯಾರದೋ ಎರಡು ಬಟ್ಟಲಿನ ಅಂಚನ್ನೂ ಅದು ಹಾರಿಸಿತ್ತು. ಅವರು ಮೊಟ್ಟಮೊದಲ ಸಲ ಮಾಡಿದ ಬಟ್ಟಲುಗಳು. ಚೀಟಿಯಲ್ಲಿ ಸುಳ್ಳು ಬರೆದಿದ್ದೆ ಅಂತ ಅವರ ಎದುರಿಗೆ ನಿಂತು ಹೇಳಿದೆ. ಅವರು ಬೈಯಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು.

ಸಿಡಿಯುವುದು ಗಾಳಿ ಗುಳ್ಳೆಯಿಂದ ಅಂತ ಸುಮಾರು ಜನ ಹೇಳುತ್ತಾರೆ. ಅಲ್ಲ, ನೀರಿನಿಂದ. ನೀರು ಆವಿಯಾದರೆ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ದಪ್ಪ ಮಣ್ಣಿನ ನಡುವೆ ಪಸೆ ಉಳಿದಿದ್ದರೆ 100 ಡಿಗ್ರಿ ದಾಟಿದಾಗ ಆ ಆವಿಗೆ ಹೊರಗೆ ಬರೋಕೆ ಹೊತ್ತೇ ಸಿಗುವುದಿಲ್ಲ, ಮಣ್ಣನ್ನು ಒಡೆದುಕೊಂಡು ಬರುತ್ತದೆ. ಒಣಗಿದೆಯಾ ಅಂತ ತಿಳಿಯೋಕೆ ದಿನ ಎಣಿಸಬೇಡಿ, ಮೂರ್ತಿಯನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ತಾಗಿದರೆ ಇನ್ನೂ ನೀರಿದೆ. ಕೋಣೆಯಷ್ಟೇ ಬೆಚ್ಚಗಿದ್ದರೆ ಸರಿ. ದಪ್ಪ ಜಾಗ ಇದ್ದರೆ ಕೆನ್ನೆಯನ್ನೂ ನಂಬಬೇಡಿ, ಇನ್ನೊಂದು ವಾರ ಬಿಡಿ. ಪೊಳ್ಳಿನಿಂದ ಹೊರಕ್ಕೆ ಒಂದು ತೂತಂತೂ ಇರಲೇಬೇಕು.

ಇದಾದ ಮೇಲೆ ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಒಂದು ಬೆನ್ನು ಮಾಡೋಕೆ ಇಷ್ಟು ಪಾಡಾ ಅಂತ ಬೇಸರ. ಆಗ ಕೇಥೆ ಕೋಲ್ವಿಟ್ಜ್ ಬಗ್ಗೆ ಓದಿದೆ, ಜರ್ಮನಿಯ ಕಲಾವಿದೆ. 1914ರ ಅಕ್ಟೋಬರಿನಲ್ಲಿ ಅವರ ಮಗ ಪೀಟರ್ ಯುದ್ಧದಲ್ಲಿ ಸತ್ತ. ಅವನಿಗಾಗಿ ಒಂದು ಸ್ಮಾರಕ ಮಾಡೋಕೆ ಹೊರಟರು. ನಡುವೆ ಒಮ್ಮೆ ಆಗುವುದಿಲ್ಲ ಅಂತ ಬಿಟ್ಟೂಬಿಟ್ಟಿದ್ದರು. ಕೊನೆಗೆ ಅದು ಬೆಲ್ಜಿಯಮ್‌ನ ಸೈನಿಕರ ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ. 18 ವರ್ಷ! ಕೊನೆಗೆ ನಿಂತದ್ದರಲ್ಲಿ ಮಗನ ಮೂರ್ತಿ ಇಲ್ಲವೇ ಇಲ್ಲ. ಮೊಣಕಾಲೂರಿದ ತಂದೆ, ತಾಯಿ, ಇಬ್ಬರೇ. ತಂದೆ ತನ್ನ ಕೈಗಳಿಂದ ತನ್ನನ್ನೇ ಬಿಗಿಯಾಗಿ ಅಪ್ಪಿಕೊಂಡಿದ್ದಾನೆ, ತಾಯಿ ಮುಂದಕ್ಕೆ ಬಾಗಿದ್ದಾಳೆ. ಒಬ್ಬರಿಗೊಬ್ಬರು ತಾಗಿಲ್ಲ. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಮರುದಿನ ಹೋಗಿ ಬಕೆಟ್ಟಿನ ತಟ್ಟೆ ತೆಗೆದೆ.

ಕೆಸರನ್ನು ದಪ್ಪ ಬಟ್ಟೆಯ ಮೇಲೆ ಹರಡಿ ಎರಡು ದಿನ ನೀರು ಇಳಿಸಿದೆ, ಮತ್ತೆ ನಾದಿದೆ. ನಾದುವಾಗ ಏನೇನು ಸಿಕ್ಕಿತು ಅಂತ ಕೇಳಬೇಡಿ. ಎಲೆಯ ಒಂದು ತುಂಡು ಕರಗದೆ ಹಾಗೇ ಉಳಿದಿತ್ತು. ಅದನ್ನೂ ಒಳಗೆ ಸೇರಿಸಿ ನಾದಿದೆ. ಸಿಡಿದ ಮೂರ್ತಿಯ ಚೂರುಗಳು ಸುಟ್ಟಾಗಿತ್ತು, ಅವು ನೀರಿಗೆ ಕರಗುವುದಿಲ್ಲ. ಆದರೆ ಕುಟ್ಟಿ ಜರಡಿ ಹಿಡಿದರೆ ಅದೇ ಗ್ರಾಗ್. ಒಂದೆರಡು ಮುಷ್ಟಿ ಬೆರೆಸಿದೆ. ಕುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ, ಸಾಧ್ಯವಾದರೆ ಒದ್ದೆ ಮಾಡಿ ಕುಟ್ಟಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ನೆಲವನ್ನೂ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೂರನೇ ಸಲ ಆತುರ ಇರಲಿಲ್ಲ. ಆ ಒಂದೂವರೆ ವರ್ಷದ ದಿನ ಆಗಲೇ ದಾಟಿಹೋಗಿತ್ತು. ದಿನಕ್ಕೆ ನಾಲ್ಕು ಬೆರಳಷ್ಟು ಮಾತ್ರ ಎತ್ತರಕ್ಕೆ ಕಟ್ಟಿದೆ, ಮಣ್ಣಿನ ಪಟ್ಟಿ ಇಟ್ಟು, ಮೊದಲಿಂದಲೇ ಪೊಳ್ಳಾಗಿ. ಹೀಗೆ ಕಟ್ಟಿದರೆ ಇಡೀ ಮೂರ್ತಿಯನ್ನು ಸೀಳುವ ಗೋಜಿಲ್ಲ. ತಲೆ ಮತ್ತು ಬಲಗೈ ಮಾತ್ರ ಬೇರೆ ಮಾಡಿ ಆಮೇಲೆ ಸೇರಿಸಬೇಕು. ಸೇರಿಸುವ ಎರಡೂ ಮುಖಗಳನ್ನು ಗೀಚಿ ಒರಟು ಮಾಡಿ, ಲೋಳೆಯಂತೆ ಕಲಸಿದ ಅದೇ ಮಣ್ಣು ಹಚ್ಚಿ, ಅಲುಗಾಡಿಸುತ್ತಾ ಒತ್ತಬೇಕು. ಬರೀ ನೀರು ಹಚ್ಚಿ ಅಂಟಿಸಿದರೆ ಒಣಗಿದಾಗ ಕಳಚಿಕೊಳ್ಳುತ್ತದೆ. ಗೀಚೋಕೆ ಫೋರ್ಕ್ ಸಾಕು. ನಾನು ಅಮ್ಮನ ಬಾಚಣಿಗೆ ತಂದಿದ್ದೆ, ಎರಡು ಹಲ್ಲು ಮುರಿದದ್ದು. ಕತ್ತಿನ ಕೀಲಿನ ಒಳಗೆ ಅದರ ಗೀರುಗಳಿವೆ. ಈಗ ಹೊರಗಿನಿಂದ ಅದು ಕಾಣುವುದಿಲ್ಲ.

ಕತ್ತಿನ ಗುಬುಟಿಗೆ ಒಂದು ಕಡಲೆ ಗಾತ್ರದ ಮಣ್ಣು ಸಾಕಾಯಿತು. ಅದನ್ನಿಟ್ಟು ಹೆಬ್ಬೆರಳಿನಿಂದ ಕೆಳಕ್ಕೆ ಒಮ್ಮೆ ಎಳೆದೆ. ಬೆನ್ನಿನ ನಡುವಿನ ತಗ್ಗು ಅಲ್ಲಿಂದ ಶುರುವಾಗಿ ಸೊಂಟದವರೆಗೆ ಹೋಯಿತು. ಮುಲಾಮು ಹಚ್ಚುವಾಗ ನನ್ನ ಹೆಬ್ಬೆರಳು ಇದೇ ದಾರಿಯಲ್ಲಿ ಇಳಿಯುತ್ತಿತ್ತು. ಕೈಗೆ ಗೊತ್ತಿತ್ತು, ಇಷ್ಟು ದಿನ ನಾನೇ ಅದನ್ನು ಕೇಳಿರಲಿಲ್ಲ. ಅಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತೆ.

ಆಮೇಲೆ ಬಂತು ನುಣುಪು ಮಾಡುವ ಚಟ. ಸ್ಪಂಜು ಹಿಡಿದು ಒರೆಸುತ್ತಾ ಕೂತಿದ್ದೆ. ಬೆರಳ ಗುರುತೆಲ್ಲ ಹೋಗಿ ಅಂಗಡಿಯ ಬೊಂಬೆಯ ಹಾಗೆ ಹೊಳೆಯೋಕೆ ಶುರುವಾಗಿತ್ತು. ಹೇಳಿಕೊಡುವಾಕೆ ಸ್ಪಂಜು ಕಿತ್ತುಕೊಂಡರು. ಆವತ್ತು ತೋರಿಸಿದ್ದರಲ್ಲ, ಆ ಹಳೆ ಬೊಂಬೆ, ಅದರ ಮೇಲೊಂದು ಬೆರಳಚ್ಚು ಉಳಿದಿದೆಯಂತೆ, ಅದೂ ಒಂದು ಮಗುವಿನದು. ಸುಡುವ ಮುಂಚೆ ಯಾವುದೋ ಮಗು ಹಸಿ ಬೊಂಬೆಯನ್ನು ಹಿಡಿದಿದೆ. ನಾನು ಮತ್ತೆ ಒರೆಸಲಿಲ್ಲ. ಒರೆಸಿ ಹೋಗಿದ್ದ ಕಡೆ ಮತ್ತೆ ಹೆಬ್ಬೆರಳು ಎಳೆದರೆ ಅದು ನಾಟಕವಾಗಿ ಕಂಡಿತು, ಹಾಗಾಗಿ ಎಡಭುಜ ನುಣುಪಾಗೇ ಉಳಿದಿದೆ. ಇರಲಿ.

ದಪ್ಪ ನೋಡೋಕೆ ಸೂಜಿ ಚುಚ್ಚಿ ಅಳೆಯುತ್ತಿದ್ದೆ, ಎಲ್ಲ ಕಡೆ ಒಂದರಿಂದ ಒಂದೂಕಾಲು ಸೆಂಟಿಮೀಟರ್. ಒಣಗಿಸುವಾಗ ಮೊದಲ ಎರಡು ವಾರ ಪ್ಲಾಸ್ಟಿಕ್ ಮುಚ್ಚಿ ಇಟ್ಟಿದ್ದೆ. ಊರಿದ ಕೈ ತೆಳ್ಳಗಿತ್ತು, ಅದು ಮೈಗಿಂತ ಬೇಗ ಒಣಗಿದರೆ ಸೀಳುತ್ತದೆ ಅಂತ ಅದಕ್ಕೆ ಬೇರೆಯಾಗಿ ಒದ್ದೆ ಬಟ್ಟೆ ಸುತ್ತಿದ್ದೆ. ಆಮೇಲೆ ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ತೆರೆದಿಟ್ಟೆ. ಇಷ್ಟಾದರೂ ಬಲಗಂಕುಳ ಕೆಳಗೆ ಕೂದಲಿನಂಥ ಬಿರುಕು ಬಂತು. ಓಡಿಹೋಗಿ ನೀರು ಹಚ್ಚಿ ತೀಡಬೇಕು ಅನ್ನಿಸುತ್ತದೆ. ತೀಡಬೇಡಿ. ಪೂರ್ತಿ ಒಣಗಿದ ಮಣ್ಣಿಗೆ ನೀರು ತಾಗಿದರೆ ಅಲ್ಲಿ ಉಬ್ಬಿ ಬಿರುಕು ಇನ್ನೂ ಬೆಳೆಯುತ್ತದೆ. ಕೈ ಕಟ್ಟಿಕೊಂಡು ಕೂತೆ. ಬಿರುಕು ಈಗಲೂ ಅಷ್ಟೇ ಇದೆ.

ಚೀಟಿ ಮತ್ತೆ ತುಂಬಿದೆ. ಈ ಸಲ 34 ದಿನ, ಅದು ನಿಜ. ನನ್ನನ್ನು ಸರದಿಯ ಕೊನೆಗೆ ಹಾಕಿದ್ದರು, ನ್ಯಾಯವೇ. ಐದು ವಾರ ಕಾಯಬೇಕಾಯಿತು. ಸುಡುವ ಹಿಂದಿನ ರಾತ್ರಿ ಗೂಡನ್ನು 100 ಡಿಗ್ರಿಗಿಂತ ಕೆಳಗೇ ಬೆಚ್ಚಗೆ ಇಟ್ಟರು, ಉಳಿದ ಪಸೆ ಹೋಗಲಿ ಅಂತ. ಬೆಳಿಗ್ಗೆಯಿಂದ ನಿಧಾನವಾಗಿ ಏರಿಸಿ 1000 ಡಿಗ್ರಿ ಸೆಲ್ಸಿಯಸ್‌ವರೆಗೆ. ನಡುವೆ 573 ಡಿಗ್ರಿ ದಾಟುವಾಗ ಮಣ್ಣಿನೊಳಗಿನ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದಂತೆ, ಆರುವಾಗ ಅದೇ ಜಾಗದಲ್ಲಿ ಮತ್ತೆ ಕುಗ್ಗುತ್ತದೆ. ಅದಕ್ಕೇ ಏರುವಾಗಲೂ ಇಳಿಯುವಾಗಲೂ ಅಲ್ಲಿ ಆತುರ ಮಾಡಬಾರದು. ಗೂಡಿನ ಬಾಗಿಲು ತೆರೆಯಬೇಕು ಅಂತ ತುಂಬ ಆಸೆಯಾಗುತ್ತದೆ. ಒಳಗೆ 100 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ತೆರೆಯಲಿಲ್ಲ, ಅದಕ್ಕೆ ಒಂದೂವರೆ ದಿನ ಹಿಡಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ, ಆಸ್ಪತ್ರೆಯ ಹೊರಗೆ ಕೂತ ಹಾಗೇ ಇತ್ತು.

ಖರ್ಚು ಕೇಳುವವರಿಗೆ ಇಷ್ಟು ಹೇಳಬಲ್ಲೆ. ಮಣ್ಣಿನ ಖರ್ಚು ಎಲ್ಲಕ್ಕಿಂತ ಕಡಿಮೆ. ಹತಾರ ಕೊಳ್ಳೋಕೆ ಹೋಗಬೇಡಿ, ಹಳೆ ಚಮಚ, ಸೂಜಿ, ಎರಡು ಗುಂಡಿಗೆ ಕಟ್ಟಿದ ತೆಳು ತಂತಿ ಸಾಕು. ಗೂಡಿಗೆ ಮೂರ್ತಿ ಹಿಡಿಯುವ ಜಾಗದ ಲೆಕ್ಕದಲ್ಲಿ ಹಣ ಕೇಳಿದರು, ಚಾಚಿದ ಕೈ ಇದ್ದರೆ ಸುಮ್ನೆ ಜಾಸ್ತಿ ಬೀಳುತ್ತದೆ, ಮಾಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಮಣಿಕಟ್ಟಿನ ನೋವು ಇನ್ನೂ ಹೋಗಿಲ್ಲ. ಬಟ್ಟಲು ಒಡೆದುಕೊಂಡವರ ಗೂಡಿನ ಖರ್ಚನ್ನು ನಾನೇ ಕೊಟ್ಟೆ, ಅವರು ಬೇಡ ಬೇಡ ಅಂದರೂ.

ಹೊರಗೆ ಬಂದಾಗ 33 ಇದ್ದದ್ದು 30 ಸೆಂಟಿಮೀಟರ್ ಆಗಿತ್ತು. ಕುಗ್ಗುತ್ತದೆ ಅಂತ ಗೊತ್ತಿತ್ತು, ಆದರೂ ನೋಡಿದ ತಕ್ಷಣ, ಅಯ್ಯೋ ಇಷ್ಟು ಚಿಕ್ಕವಳಾಗಿಬಿಟ್ಟಳಾ ಅನ್ನಿಸಿತು. ಕೊನೆಯಲ್ಲಿ ಅಮ್ಮನೂ ಹಾಗೇ ಆಗಿದ್ದಳು. ಇದು ನಾನು ಲೆಕ್ಕ ಹಾಕಿ ಮಾಡಿದ್ದಲ್ಲ. ಬಣ್ಣ ಹಾಕಲಿಲ್ಲ. ಕಬ್ಬಿಣದ ಆಕ್ಸೈಡನ್ನು ನೀರಿನಲ್ಲಿ ಕದಡಿ ಬಳಿದು ತಕ್ಷಣ ಒರೆಸಿದೆ. ತಗ್ಗಿನಲ್ಲಿ ಮಾತ್ರ ಕಪ್ಪು ಉಳಿಯಿತು, ಗುಬುಟಿನ ಸುತ್ತ, ಬೆನ್ನಿನ ನಡುವೆ, ಬೆರಳ ಗೀರುಗಳಲ್ಲಿ. ಅದು ಗಟ್ಟಿಯಾಗಿ ಹಿಡಿಯಬೇಕಾದರೆ ಇನ್ನೊಮ್ಮೆ ಸುಡಬೇಕು. ನಾನು ಸುಡಲಿಲ್ಲ, ಇನ್ನೊಂದು ಸರದಿಗೆ ಧೈರ್ಯ ಇರಲಿಲ್ಲ.

ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರನ್ನೋ ಕಾಯ್ತಾ ಇದ್ದಾರೆ ಅಂದರು ಒಬ್ಬರು. ಮಗುವಿಗೆ ಹಾಲು ಕೊಡ್ತಾ ಇದ್ದಾರಾ ಅಂತ ಇನ್ನೊಬ್ಬರು. ಮೊದಮೊದಲು ಬೇಜಾರಾಯಿತು, ಇಷ್ಟು ಪಾಡುಪಟ್ಟು ಹೇಳಿದ್ದು ಯಾರಿಗೂ ಕೇಳಲಿಲ್ಲವಲ್ಲ ಅಂತ. ತಂಗಿ ಬಂದಳು. ಸುತ್ತ ಒಂದು ಸಲ ನೋಡಿ, ಬಲಭುಜದ ಹತ್ತಿರ ನಿಂತು, 'ಸಿಟ್ಟು ಮಾಡ್ಕೊಂಡು ಕೂತಿದ್ದಾಳೆ,' ಅಂದಳು. ನಾನು ಅಲ್ಲ, ಅದು ಸುಸ್ತು ಅಂದೆ. 'ಸುಸ್ತಲ್ಲ ಕಣೇ. ನೀನು ಬಾಚೋಕೆ ಬಂದಾಗಲೆಲ್ಲ ಹೀಗೇ ತಿರುಗಿ ಕೂರ್ತಿದ್ದಳು. ತಾನೇ ಬಾಚಿಕೊಳ್ಳೋಕೆ ಆಗಲ್ಲ ಅಂತ ಅವಳಿಗೆ ಎಷ್ಟು ಸಿಟ್ಟಿತ್ತು ನಿನಗೆ ಗೊತ್ತೇ ಇಲ್ಲ.'

ಅವಳು ಹೋದ ಮೇಲೆ ಬಹಳ ಹೊತ್ತು ಆ ಭುಜವನ್ನೇ ನೋಡಿದೆ. ಕೈ ಊರಿದ್ದರಿಂದ ಎದ್ದ ಭುಜ ಅಂತ ನಾನು ಅಂದುಕೊಂಡಿದ್ದೆ. ಹಾಗಿದ್ದರೆ ಅಷ್ಟು ಬಿಗಿ ಇರಬೇಕಾಗಿರಲಿಲ್ಲ. ಆ ಬಿಗಿಯನ್ನು ಮಾಡಿದ್ದು ನನ್ನದೇ ಕೈ, ಒಂದಲ್ಲ ಎರಡು ಸಲ.

ಈಗ ಅದು ಕಿಟಕಿಯ ಪಕ್ಕದ ಮೇಜಿನ ಮೇಲಿದೆ, ಬೆನ್ನು ನಮ್ಮ ಕಡೆಗೆ. ಧೂಳನ್ನು ಒಣ ಬ್ರಷ್‌ನಲ್ಲಿ ತೆಗೆಯುತ್ತೇನೆ, ಒದ್ದೆ ಬಟ್ಟೆ ತಾಗಿಸಿದರೆ ಆಕ್ಸೈಡ್ ಎದ್ದು ಬರುತ್ತದೆ. ಬಂದವರೆಲ್ಲ ಮುಖ ನೋಡೋಣ ಅಂತ ಅದನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾರೆ, ಅದೂ ಊರಿದ ಕೈಯನ್ನೇ ಹಿಡಿದುಕೊಂಡು. ಅಲ್ಲಿ ಮುಖ ಇಲ್ಲ, ಬಗ್ಗಿದ ತಲೆಯ ಕೆಳಗೆ ಒಂದು ತಗ್ಗಿದೆ ಅಷ್ಟೇ. ನಿನ್ನೆ ಮೇಜಿಗೆ ಒಂದು ಚೀಟಿ ಅಂಟಿಸಿದೆ: 'ತಿರುಗಿಸುವುದಾದರೆ ಬುಡ ಹಿಡಿದು, ಎರಡೂ ಕೈಯಲ್ಲಿ.'